ದೇವರ ಪಾದದ ಕೆಳಗೆ ಐದು ಮಹಡಿ

ಚಿಯಾಯಿ ಊರಿನಲ್ಲಿ ಶಿ ಯುಲಾನ್‌ಳನ್ನು ಮನೆಗೆ ಊಟಕ್ಕೆ ಕರೆಯುವವರು ಕಡಿಮೆ. ಬಂದವಳು ತಟ್ಟೆ ನೋಡುವ ಮೊದಲು ಛಾವಣಿ ನೋಡುತ್ತಾಳೆ. ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾಳೆ. ಇಲ್ಲಿ ಮೊದಲು ಒಂದು ಗೋಡೆ ಇತ್ತಲ್ಲ, ಯಾವಾಗ ಒಡೆಸಿದಿರಿ ಎಂದು ಕೇಳುತ್ತಾಳೆ. ಅಷ್ಟು ಹೊತ್ತಿಗೆ ಮನೆಯೊಡತಿಯ ಮುಖ ಸಪ್ಪಗಾಗಿರುತ್ತದೆ, ಸೂಪು ಆರಿರುತ್ತದೆ. ತಂಗಿಯ ಮಗಳ ಮದುವೆ ಊಟದಲ್ಲಿ ಮೀನಿನ ತಟ್ಟೆ ಬರುವ ಹೊತ್ತಿಗೆ ಎದ್ದುನಿಂತು, ಮೇಲಿನ ಬಾಲ್ಕನಿಯಲ್ಲಿ ಫೋಟೋಕ್ಕೆಂದು ಗುಂಪುಗೂಡಿದ್ದ ಗಂಡಿನ ಕಡೆಯವರನ್ನು ಎಣಿಸಿ, ಅರ್ಧ ಜನ ಕೆಳಗಿಳಿಯಿರಿ ಎಂದು ಹೇಳಿದವಳು ಅವಳು. ಆ ಬೀಗರು ಇವತ್ತಿಗೂ ಅವಳ ಜೊತೆ ಮಾತಾಡುವುದಿಲ್ಲ. ಅದರಿಂದ ಅವಳಿಗೇನೂ ನಷ್ಟವಾದಂತೆ ಕಾಣುವುದಿಲ್ಲ.

ಅವಳ ಕೆಲಸ ಕಟ್ಟಡಗಳ ಬಲಾಬಲ ಲೆಕ್ಕ ಹಾಕುವುದು. ವಯಸ್ಸು ಐವತ್ತೇಳು, ಕುಳ್ಳಗಿನ ಆಳು, ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ, ಕೈಚೀಲದಲ್ಲಿ ಟಾರ್ಚು, ಟೇಪು, ಒಂದು ಚಿಕ್ಕ ಸುತ್ತಿಗೆ. ಟರ್ಕಿ ಕೋಳಿಯ ಅನ್ನ ಮಾರುವ ಅಂಗಡಿಯ ಮೇಲಿನ ಕೋಣೆಯೇ ಅವಳ ಕಚೇರಿ. ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಕಂಪ್ಯೂಟರಿನ ಬಣ್ಣಬಣ್ಣದ ಚಿತ್ರ ತೋರಿಸಲು ಬಂದರೆ ಅದನ್ನು ಮುಚ್ಚಿಸಿ ಪೆನ್ಸಿಲ್ ಕೊಡುತ್ತಾಳೆ. ಈ ತೊಲೆಯ ಮೇಲೆ ಎಷ್ಟು ಭಾರ ಬರಬಹುದು, ಅಂದಾಜಿನಲ್ಲಿ ಹೇಳು. ನಿನ್ನ ಅಂದಾಜಿಗೂ ಯಂತ್ರದ ಉತ್ತರಕ್ಕೂ ಎರಡು ಪಟ್ಟು ವ್ಯತ್ಯಾಸ ಬಂದರೆ ಇಬ್ಬರಲ್ಲಿ ಒಬ್ಬರು ದಡ್ಡರು, ಯಾರೆಂದು ಪತ್ತೆ ಮಾಡಿಕೊಂಡು ಬಾ. ಹಳೆಯ ಕಟ್ಟಡ ನೋಡಲು ಹೋದಾಗ ಏನು ಕಟ್ಟಿದ್ದಾರೆ ಎಂದು ಕೇಳಬೇಡ, ಏನು ತೆಗೆದಿದ್ದಾರೆ ಎಂದು ಕೇಳು. ನಕ್ಷೆ ನಂಬಬೇಡ, ಮೆಟ್ಟಿಲು ಹತ್ತು. ಇನ್ನೊಂದು ಕಟ್ಟುನಿಟ್ಟಿನ ಮಾತಿತ್ತು. ‘ಏನೂ ಆಗಲ್ಲ’ ಎಂಬ ಎರಡು ಶಬ್ದಗಳನ್ನು ಅವಳ ಕಚೇರಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ.

ಅದಕ್ಕೆ ಕಾರಣವಿತ್ತು. ತೊಂಬತ್ತೊಂಬತ್ತರ ಭೂಕಂಪವಾದಾಗ ಅವಳಿಗೆ ಮೂವತ್ತೆಂಟು. ಇತರ ಇಂಜಿನಿಯರುಗಳ ಜೊತೆ ನಲವತ್ತು ದಿನ ಬಿದ್ದ ಮನೆಗಳ ನಡುವೆ ಓಡಾಡಿದ್ದಳು. ಒಂದು ಬೀದಿಯಲ್ಲಿ ಕಟ್ಟಡವೊಂದು ನೆಟ್ಟಗೆ ನಿಂತಿತ್ತು. ಕಿಟಕಿಯ ಗಾಜು ಒಡೆದಿರಲಿಲ್ಲ, ಒಣಗಹಾಕಿದ ಬಟ್ಟೆ ಹಾಗೇ ಇತ್ತು. ಇದು ಪರವಾಗಿಲ್ಲ ಎಂದು ಬರೆದುಕೊಳ್ಳುವಷ್ಟರಲ್ಲಿ ಪಕ್ಕದ ಹೆಂಗಸು, ಈ ಮನೆಗೆ ಐದು ಮಹಡಿ ಇತ್ತು ತಾಯಿ, ಎಣಿಸಿ ನೋಡಿ ಎಂದಳು. ಎಣಿಸಿದರೆ ನಾಲ್ಕೇ ಇತ್ತು. ಅಂಗಡಿಗೆಂದು ಗೋಡೆ ಕಿತ್ತಿದ್ದ ಕೆಳಗಿನ ಮಹಡಿ ಅಲ್ಲಿ ಇರಲೇ ಇಲ್ಲ. ಮೇಲಿದ್ದವರು ಕಿಟಕಿಯಿಂದ ರಸ್ತೆಗೆ ಕಾಲಿಟ್ಟು ಹೊರಬಂದಿದ್ದರು. ಕೆಳಗಿದ್ದವರು ಯಾರೂ ಹೊರಬಂದಿರಲಿಲ್ಲ.

ಇಷ್ಟೆಲ್ಲ ಊರಿನವರಿಗೆ ಬುದ್ಧಿ ಹೇಳುವವಳಿಗೆ ತನ್ನ ತಾಯಿಯ ಮನೆಯ ಮೇಲೇನು ಬೆಳೆಯುತ್ತಿದೆ ಎಂಬುದು ಕಾಣಲಿಲ್ಲವೇ ಎಂದು ಕೇಳಿದರೆ, ಕಾಣಲಿಲ್ಲ. ಕಾಣಲಿಲ್ಲ ಎಂದು ಅವಳೇ ಒಪ್ಪಿಕೊಳ್ಳುತ್ತಾಳೆ. ರೈಲ್ವೆ ಗೋದಾಮಿನ ಹಿಂದಿನ ಗಲ್ಲಿಯಲ್ಲಿ ಲಿಫ್ಟಿಲ್ಲದ ಐದು ಮಹಡಿಯ ಹಳೆಯ ಕಟ್ಟಡ. ಮೂರನೆಯ ಮಹಡಿಯಲ್ಲಿ ಎಂಬತ್ತನಾಲ್ಕು ವರ್ಷದ ತಾಯಿ ಒಬ್ಬಳೇ ಇದ್ದಾಳೆ. ಮಗಳ ಮನೆಗೆ ಬಾ ಎಂದರೆ ಮೂಗು ಮುರಿಯುತ್ತಾಳೆ. ತಾರಸಿಯ ಮೇಲೆ ಮೂರನೇ ರಾಜಕುಮಾರನ ಗುಡಿ. ಬೆಂಕಿಯ ಗಾಲಿಗಳ ಮೇಲೆ ಓಡಾಡುವ ಬಾಲದೇವರು, ಮಿಠಾಯಿ ಇಟ್ಟರೆ ಒಲಿಯುತ್ತಾನೆ, ಬುಗುರಿ ಇಟ್ಟರೂ ಒಲಿಯುತ್ತಾನೆ. ದೇವರ ತಲೆಯ ಮೇಲೆ ಮನುಷ್ಯರು ಓಡಾಡಬಾರದು. ಗಲ್ಲಿಯಲ್ಲಿ ಬೇರೆ ಜಾಗವಿಲ್ಲ. ಹಾಗಾಗಿ ದೇವರು ತಾರಸಿಗೇ ಹೋಗಬೇಕಾಯಿತು, ಅವನ ಭಾರವೂ ಅಲ್ಲಿಗೇ ಹೋಯಿತು. ಮೊದಲು ತಗಡಿನ ಮಾಡು. ಯಾರದೋ ಹರಕೆ ತೀರಿದ ವರ್ಷ ತಗಡು ಹೋಗಿ ಕಾಂಕ್ರೀಟು ಬಂತು. ಆಮೇಲೆ ಹೆಂಚು, ಹೆಂಚಿನ ಮೇಲೆ ಪಿಂಗಾಣಿಯ ಹಕ್ಕಿಗಳು, ಆಮೇಲೆ ಇಬ್ಬರು ತಬ್ಬಿದರೂ ನಿಲುಕದ ಕಂಚಿನ ಧೂಪದ ಕುಂಡ. ಯುಲಾನ್ ಹಬ್ಬಕ್ಕೆ ಹೋದಾಗಲೆಲ್ಲ ಅದೇ ಕುಂಡಕ್ಕೆ ಊದುಬತ್ತಿ ಸಿಕ್ಕಿಸಿ, ಕೈಮುಗಿದು, ತಾಯಿಯ ಕೈಯಡುಗೆ ಉಂಡು ಬಂದಿದ್ದಳು.

ಗುಡಿಯ ಸಮಿತಿಗೆ ಹೌ ಜಿನ್‌ಷಾನ್ ಅಧ್ಯಕ್ಷ. ಸಕ್ಕರೆ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿ ನಿವೃತ್ತನಾದವನು, ದೊಡ್ಡ ದನಿಯವನು, ಯಾರ ಮನೆಯಲ್ಲಿ ಸಾವಾದರೂ ಮೊದಲು ಬಂದು ನಿಲ್ಲುವವನು. ಅವನ ಮನೆ ಐದನೆಯ ಮಹಡಿಯಲ್ಲಿ, ಗುಡಿಯ ನೇರ ಕೆಳಗೆ. ಆ ಬೇಸಿಗೆಯ ಕೊನೆಗೆ ಅವನು ಒಂದು ಡಬ್ಬಿ ಅನಾನಸ್ ಕೇಕು ಹಿಡಿದುಕೊಂಡು ಯುಲಾನ್‌ಳ ಕಚೇರಿಗೆ ಬಂದ. ಈ ಗಲ್ಲಿಯಲ್ಲೇ ಬೆಳೆದು ಈಗ ತೈಚುಂಗ್ ನಗರದಲ್ಲಿ ಚಹಾ ಅಂಗಡಿಗಳನ್ನಿಟ್ಟಿರುವವನೊಬ್ಬ ದೇವರಿಗೆ ಎರಡು ಕಲ್ಲಿನ ಡ್ರ್ಯಾಗನ್ ಕಂಬ ಕೊಡುತ್ತಾನೆ. ಗುಡಿಯ ಬಾಗಿಲಿನ ಎಡಕ್ಕೊಂದು ಬಲಕ್ಕೊಂದು. ಒಂದೊಂದೂ ಮೂರು ಟನ್. ಕ್ರೇನಿನವನು ಇಂಜಿನಿಯರರ ಕಾಗದವಿಲ್ಲದೆ ಎತ್ತುವುದಿಲ್ಲ ಎನ್ನುತ್ತಾನೆ, ನೀನು ಒಂದು ಮೊಹರು ಒತ್ತಿಬಿಡು ಎಂದ. ದೇವರನ್ನು ಕೇಳಿಯಾಗಿತ್ತಂತೆ. ಅರ್ಧಚಂದ್ರದಂಥ ಎರಡು ಕೆಂಪು ಮರದ ತುಂಡುಗಳನ್ನು ನೆಲಕ್ಕೆ ಬಿಟ್ಟಾಗ ಒಂದು ಅಂಗಾತ ಒಂದು ಮಗುಚಿ ಬಿದ್ದರೆ ದೇವರು ಹೂಂ ಎಂದಂತೆ. ಮೂರು ಸಲ ಬಿಟ್ಟರು, ಮೂರು ಸಲವೂ ಹೂಂ. ಬಿಟ್ಟವಳು ಬೇರೆ ಯಾರೂ ಅಲ್ಲ, ಯುಲಾನ್‌ಳ ತಾಯಿ.

ಯುಲಾನ್ ಮೊಹರು ಒತ್ತಲಿಲ್ಲ. ಇಲ್ಲವೆಂದೂ ಹೇಳಲಿಲ್ಲ. ನೋಡದೆ ಇಲ್ಲ ಎನ್ನುವುದೂ ನೋಡದೆ ಹೂಂ ಎನ್ನುವಷ್ಟೇ ತಪ್ಪು ಎನ್ನುವವಳು ಅವಳು. ಮರುದಿನ ಸುತ್ತಿಗೆ ಹಿಡಿದು ಗಲ್ಲಿಗೆ ಹೋದಳು, ಮೊದಲು ಕೆಳಗಿನ ಮಹಡಿಗೆ. ಬೈಕು ರಿಪೇರಿ ಅಂಗಡಿಯವನು ಜಾಗ ಸಾಲದೆಂದು ಎರಡು ಗೋಡೆ ತೆಗೆಸಿದ್ದ. ಷಟರ್ ಕೂರಿಸಲು ಒಂದು ಪಿಲ್ಲರಿನ ಮೂಲೆಯನ್ನು ಗೇಣುದ್ದ ಕೆತ್ತಿ, ಒಳಗಿನ ಕಂಬಿ ಕಾಣದ ಹಾಗೆ ಅಲ್ಲಿ ಕ್ಯಾಲೆಂಡರ್ ನೇತುಹಾಕಿದ್ದ. ಕಂಬಿಗಳನ್ನು ಸುತ್ತಿ ಹಿಡಿಯಬೇಕಾದ ರಿಂಗುಗಳು ಮೊಳಕ್ಕೊಂದರಂತೆ ವಿರಳವಾಗಿದ್ದವು, ಬಿಚ್ಚಿಕೊಳ್ಳದಂತೆ ತುದಿ ಬಾಗಿಸಿರಲಿಲ್ಲ. ಒಂದೊಂದೇ ಮಹಡಿ ಹತ್ತಿ ಐದನೆಯದಕ್ಕೆ ಬಂದಳು. ಹೌನ ಹೆಂಡತಿ ಮೇಜಿಯಾವ್ ಮಲಗುವ ಕೋಣೆಯ ಫಾಲ್ಸ್ ಸೀಲಿಂಗಿನ ಒಂದು ಹಲಗೆ ತೆಗೆಯಲು ಬಿಟ್ಟಳು. ತಲೆಯ ಮೇಲೆ ತೊಲೆ ಬಂದರೆ ಮಲಗಿದವರಿಗೆ ಆಗಿಬರುವುದಿಲ್ಲವೆಂದು ಎಲ್ಲ ಮನೆಗಳಲ್ಲೂ ಹೀಗೆ ಹಲಗೆ ಹೊಡೆಸಿ ತೊಲೆ ಮುಚ್ಚಿಬಿಟ್ಟಿರುತ್ತಾರೆ. ಹಲಗೆಯ ಮೇಲೆ ಸ್ಲ್ಯಾಬಿನಲ್ಲಿ ಕಿರುಬೆರಳು ತೂರುವಷ್ಟು ಬಿರುಕು, ಮೂಲೆಯಿಂದ ಮೂಲೆಗೆ. ಬಟ್ಟೆ ಒಣಗಿಸಲು ಹಾಕಿದ ತೆಳು ಸ್ಲ್ಯಾಬು ಅದು. ಕಂಬಗಳು ನಿಲ್ಲಬೇಕಾದ ಜಾಗ ಅಳೆದರೆ ತೊಲೆಯ ಮೇಲೂ ಬರುವುದಿಲ್ಲ, ಪಿಲ್ಲರಿನ ಮೇಲೂ ಬರುವುದಿಲ್ಲ. ಅವುಗಳಲ್ಲೊಂದು ನೇರವಾಗಿ ಆ ಬಿರುಕಿನ ಮೇಲೆ, ಅಂದರೆ ಮೇಜಿಯಾವ್‌ಳ ಮಂಚದ ಮೇಲೆ ಬರುತ್ತದೆ.

ಸಮಿತಿಯ ಏಳು ಜನರನ್ನು ತಾರಸಿಯಲ್ಲಿ ಕೂರಿಸಿ ಅವಳು ತನಗೆ ಗೊತ್ತಿದ್ದನ್ನು ಗೊತ್ತಿದ್ದಷ್ಟೇ ಹೇಳಿದಳು. ಕಟ್ಟಡ ನಾಳೆ ಬೀಳುತ್ತದೆ ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳು. ಕಲ್ಲು ಇಡುವಾಗಲೇ ಸ್ಲ್ಯಾಬು ತೂತಾಗಬಹುದು. ತೂತಾಗದಿದ್ದರೆ ಭೂಮಿ ಅಲುಗಿದ ದಿನ ಮೇಲಿನ ಈ ಭಾರವೆಲ್ಲ ಆ ಕಡೆ ಈ ಕಡೆ ಎಳೆಯುತ್ತದೆ. ತಡೆಯಬೇಕಾದ ಗೋಡೆಗಳು ಕೆಳಗೆ ಇಲ್ಲ. ದೇವರ ಮಾಡು ಮತ್ತೆ ತಗಡಿನದಾಗಲಿ. ಕಂಬ ಬೇಕೇ ಬೇಕಾದರೆ ಟೊಳ್ಳು ಮರದಲ್ಲಿ ಕೆತ್ತಿಸಿ ಬಣ್ಣ ಹಚ್ಚಿಸಿ. ಕೆಳಗಿನ ಗೋಡೆಗಳನ್ನು ಮೊದಲು ಕಟ್ಟಿಸಿ. ಇಷ್ಟು ಹೇಳಿ ಅವಳು ನೀರು ಕುಡಿದಳು. ದೇವರಿಗೆ ಟೊಳ್ಳು ಕಂಬವೇ ಎಂದು ಒಬ್ಬ ನಕ್ಕ. ಕೆಳಗಿನ ಅಂಗಡಿಯವನ ಹೊಟ್ಟೆಗೆ ಹೊಡೆಯಬೇಡ ಎಂದ ಇನ್ನೊಬ್ಬ. ಎಲ್ಲರೂ ಮಾತಾಡಿ ಮುಗಿಸಿದ ಮೇಲೆ ಗುಡಿಯ ಬಾಗಿಲಲ್ಲಿ ಕೂತಿದ್ದ ಅವಳ ತಾಯಿ ಬಾಯಿಬಿಟ್ಟಳು.

“ಮೂರು ಸಲ ಹೂಂ ಅಂದಿದ್ದಾನೆ ಕಣೆ. ನನ್ನ ಕೈಯಿಂದಲೇ ಬಿದ್ದಿದ್ದು. ಅವನ ಮಾತಿಗೂ ಎದುರಾಡ್ತೀಯಾ?”

“ಏನಂತ ಕೇಳಿದೆ ಅಮ್ಮ?”

“ಕಂಬ ಬೇಕೇನಪ್ಪ ಅಂತ ಕೇಳಿದೆ.”

“ಚಿಕ್ಕ ಮಗೂಗೆ ಡ್ರ್ಯಾಗನ್ ಬೇಕಾ ಅಂತ ಕೇಳಿದ್ರೆ ಬೇಡ ಅನ್ನುತ್ತಾ? ಈ ಮನೆ ತಡೆಯುತ್ತಾ ಅಂತ ಕೇಳಿದ್ರಾ ಯಾರಾದ್ರೂ?”

ಹೌ ಮರದ ತುಂಡುಗಳನ್ನು ತಂದು ಅವಳ ಮುಂದೆ ಹಿಡಿದ. ಹಾಗಾದರೆ ನೀನೇ ಕೇಳು, ಈಗಲೇ ಇತ್ಯರ್ಥವಾಗಲಿ ಎಂದ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

“ಇದನ್ನ ನಾನು ಕೇಳಲ್ಲ ಚಿಕ್ಕಪ್ಪ. ತಡೆಯುತ್ತೆ ಅಂತ ಅವನು ಅಂದರೂ ನಾನು ಇಲ್ಲ ಅಂತಲೇ ಬರೆಯೋದು. ಹಾಗಿದ್ದ ಮೇಲೆ ಕೇಳಿ ಯಾಕೆ ಅವನ ಮರ್ಯಾದೆ ತೆಗೀಲಿ?”

ಆ ಮಾತಿಗೆ ತಾಯಿ ಎದ್ದು ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದಳು. ಮೂರು ವಾರ ಮಗಳ ಫೋನು ಎತ್ತಲಿಲ್ಲ. ಯುಲಾನ್ ಸಂಜೆ ಹೋಗಿ ಬಾಗಿಲು ತಟ್ಟಿದರೆ ಒಳಗೆ ಟೀವಿಯ ಸದ್ದು ಜೋರಾಗುತ್ತಿತ್ತು. ಈ ಹೆಂಗಸಿಗೆ ಅಳು ಬರುವುದು ಅಪರೂಪ, ಆ ಮೆಟ್ಟಿಲ ಮೇಲೆ ಬಂತು. ಅತ್ತು ಮುಗಿಸಿ, ಬಾಗಿಲಿಗೆ ತಂದಿದ್ದ ಹಣ್ಣಿನ ಚೀಲ ಸಿಕ್ಕಿಸಿ, ಕಚೇರಿಗೆ ಹೋಗಿ ಆರು ಪುಟದ ವರದಿ ಬರೆದು ಸಮಿತಿಗೂ ನಗರದ ಕಟ್ಟಡ ಕಚೇರಿಗೂ ಕಳಿಸಿದಳು. ಕಚೇರಿಯ ಗುಮಾಸ್ತ ಬಹಳ ವಿನಯವಂತ. ಆ ತಾರಸಿಯ ಗುಡಿಗೆ ಅನುಮತಿಯೇ ಇಲ್ಲ, ಕೆಡವಬೇಕಾದವುಗಳ ಪಟ್ಟಿಯಲ್ಲಿ ಹತ್ತೊಂಬತ್ತು ವರ್ಷದಿಂದ ಇದೆ, ಸರದಿ ಬಂದಾಗ ತಿಳಿಸುತ್ತೇವೆ ಎಂದ. ಅಷ್ಟರಲ್ಲಿ ಹೌ ಬೇರೆ ಊರಿನ ಇಂಜಿನಿಯರ್ ಒಬ್ಬನ ಮೊಹರು ತಂದಿದ್ದ. ಆ ಮಹಾಶಯ ಒಂದು ಮೆಟ್ಟಿಲನ್ನೂ ಹತ್ತಿರಲಿಲ್ಲ. ಕಾಗದದಲ್ಲಿ ಕಟ್ಟಡಕ್ಕೆ ನಾಲ್ಕು ಮಹಡಿ ಎಂದು ಬರೆದಿದ್ದ. ಯುಲಾನ್ ಅದನ್ನು ಓದಿ ‘ನಾಲ್ಕು’ ಎಂಬುದರ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಳು.

ದೇವರ ಹುಟ್ಟುಹಬ್ಬ ಚಾಂದ್ರಮಾನದ ಒಂಬತ್ತನೆಯ ತಿಂಗಳ ಒಂಬತ್ತಕ್ಕೆ. ಅದಕ್ಕೆ ಐದು ದಿನ ಮೊದಲು, ಬೆಳಗ್ಗೆ ಒಂಬತ್ತೂ ಕಾಲಿಗೆ ಕಂಬ ಏರಿಸುವ ಮುಹೂರ್ತ ಇಟ್ಟರು. ಹಿಂದಿನ ದಿನ ಯುಲಾನ್ ಕಟ್ಟಡದ ಒಂಬತ್ತು ಮನೆಗಳಿಗೂ ಒಂದೊಂದಾಗಿ ಹೋದಳು. ದೇವರ ವಿಷಯ ಎತ್ತಲಿಲ್ಲ, ಯಾರ ಮೇಲೂ ದೂರು ಹೇಳಲಿಲ್ಲ. ನಾಳೆ ಒಂಬತ್ತು ಗಂಟೆಗೆ ಗ್ಯಾಸ್ ಆರಿಸಿ, ಕೆಳಗೆ ಬಂದು ಗೋದಾಮಿನ ಗೋಡೆಯ ಬಳಿ ಕೂತಿರಿ, ಕ್ರೇನ್ ಹೋಗುವವರೆಗೆ ಒಳಗೆ ಹೋಗಬೇಡಿ. ಇದು ಇಂಜಿನಿಯರಾಗಿ ನನ್ನ ಸಲಹೆ, ಕೇಳುವುದು ಬಿಡುವುದು ನಿಮಗೆ ಬಿಟ್ಟಿದ್ದು ಎಂದಳು. ಮೂರನೆಯ ಮಹಡಿಯಲ್ಲಿ ಬಾಗಿಲು ತೆರೆಯಲಿಲ್ಲ. ಮುಚ್ಚಿದ ಬಾಗಿಲಿಗೇ ಅದನ್ನು ಪೂರ್ತಿ ಹೇಳಿ, ಐದನೆಯ ಮಹಡಿಗೆ ಹತ್ತಿದಳು. ಮೇಜಿಯಾವ್ ಮೊಮ್ಮಗಳಿಗೆ ಅನ್ನ ತಿನ್ನಿಸುತ್ತಿದ್ದಳು. ಕೇಳಿಸಿಕೊಂಡು, ಇನ್ನೊಂದು ತುತ್ತು ಮಗುವಿನ ಬಾಯಿಗಿಟ್ಟಳು.

ಬೆಳಗ್ಗೆ ಎಂಟೂವರೆಗೆ ಲಾರಿ ಬಂತು. ಕೆಂಪು ಬಟ್ಟೆ ಸುತ್ತಿದ ಕಂಬಗಳು, ಹಿಂದೆ ಕ್ರೇನು, ಡೋಲು. ದೇವರಿಗೆ ಪಟಾಕಿ ಹಚ್ಚಿದರು. ಹೊಗೆ ಇಳಿದಾಗ ಗೋದಾಮಿನ ಗೋಡೆಯ ಬಳಿ ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ಕಟ್ಟಡದ ಜನ ಕೂತಿದ್ದರು. ಎರಡನೆಯ ಮಹಡಿಯ ಲಕ್ವ ಹೊಡೆದ ಮುದುಕನನ್ನು ಕುರ್ಚಿಸಮೇತ ಇಳಿಸಿದ್ದರು. ಬೈಕಿನ ಅಂಗಡಿಯವನೂ ಷಟರ್ ಎಳೆದು ಬಂದಿದ್ದ. ಯಾರೂ ಕೂಗಲಿಲ್ಲ, ಅಡ್ಡ ನಿಲ್ಲಲಿಲ್ಲ. ಸೋಯಾ ಹಾಲು ಕುಡಿಯುತ್ತ ತಮ್ಮ ಮನೆಗಳ ಕಡೆ ನೋಡುತ್ತ ಕೂತಿದ್ದರು. ಯುಲಾನ್ ತಲೆ ಎಣಿಸಿದಳು. ಮೇಜಿಯಾವ್ ಮತ್ತು ಅವಳ ಮೊಮ್ಮಗಳು ಇನ್ನೂ ಇಳಿದಿರಲಿಲ್ಲ, ತಾಯಿಯೂ ಇರಲಿಲ್ಲ. ಮೂರನೆಯ ಮಹಡಿಯ ಕಿಟಕಿಯಲ್ಲಿ ಬಿಳಿ ತಲೆ ಕಾಣಿಸುತ್ತಿತ್ತು, ಕದಲುತ್ತಿರಲಿಲ್ಲ.

ತಾರಸಿಯ ಅಂಚಿಗೆ ಹೌ ಬಂದು ಬಗ್ಗಿದ. ನೋಡು ಯುಲಾನ್, ನಿನ್ನ ಹೆತ್ತಮ್ಮನೇ ನಿನ್ನ ಮಾತು ನಂಬಲಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕೂತವರಲ್ಲಿ ಒಂದಿಬ್ಬರು ನಕ್ಕರು. ಯುಲಾನ್‌ಳಿಗೆ ಓಡಿ ಹತ್ತಿ ತಾಯಿಯನ್ನು ಹೊತ್ತು ತರೋಣವೆನ್ನಿಸಿತು. ಕ್ರೇನಿನವನ ಬಳಿ ಹೋಗಿ, ಮನೆಗಳೊಳಗೆ ಇನ್ನೂ ಮೂರು ಜೀವ ಇವೆ, ಅವು ಇಳಿಯುವವರೆಗೆ ಕೊಕ್ಕೆ ಎತ್ತಬೇಡ ಎಂದಳು. ಕ್ರೇನಿನವನು ಕಾಗದ ಇದೆಯಲ್ಲ ಎಂದ. ಕಾಗದದಲ್ಲಿ ಎಷ್ಟು ಮಹಡಿ ಬರೆದಿದೆ, ಮೇಲೆ ನೋಡಿ ನೀನೇ ಎಣಿಸು ಎಂದಳು. ಅವನು ಬೆರಳು ಮಾಡಿ ಎಣಿಸಿದ, ಇನ್ನೊಮ್ಮೆ ಎಣಿಸಿದ. ಇಂಜಿನ್ ಆರಿಸಿ ಕೆಳಗಿಳಿದು ಅಡಿಕೆ ಅಗಿಯುತ್ತ ನಿಂತ.

ಆಗ ಮೆಟ್ಟಿಲಿನಿಂದ ಮೇಜಿಯಾವ್ ಬಂದಳು. ಬೆನ್ನಿಗೆ ಮೊಮ್ಮಗಳನ್ನು ಕಟ್ಟಿಕೊಂಡಿದ್ದಳು, ಕೈಯಲ್ಲಿ ಮಗುವಿನ ಹಾಲಿನ ಬಾಟಲಿ. ತಾರಸಿಯಿಂದ ಹೌ ಅವಳ ಹೆಸರು ಹಿಡಿದು ಕೂಗಿದ, ಅಧ್ಯಕ್ಷನ ಹೆಂಡತಿಯಾಗಿ ನಾಚಿಕೆಯಾಗುವುದಿಲ್ಲವೇ, ಒಳಗೆ ಹೋಗು ಎಂದ. ಅವಳು ಗಲ್ಲಿಯ ನಡುವೆ ನಿಂತು ತಲೆಯೆತ್ತಿದಳು. ನಲವತ್ತೈದು ವರ್ಷದ ಸಂಸಾರದಲ್ಲಿ ಅವಳು ಬೀದಿಯಲ್ಲಿ ದನಿ ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ.

“ಮುದುಕಪ್ಪಾ, ನೀನು ಮೇಲಿದ್ದೀಯ. ಬಿದ್ದರೆ ಕಲ್ಲಿನ ಜೊತೆ ನೀನೂ ಮೇಲೇ ಇರ್ತೀಯ. ಕೆಳಗಿರೋದು ನಾನೂ ಈ ಕೂಸೂ.” ಅವಳು ಉಸಿರು ತೆಗೆದುಕೊಂಡಳು. “ಒಂದು ಕೆಲಸ ಮಾಡು. ಇಳಿದು ಬಂದು ನನ್ನ ಮಂಚದ ಮೇಲೆ ಮಲಕ್ಕೋ. ಹಲಗೆ ತೆಗೆದೇ ಇದೆ, ಬಿರುಕು ಕಾಣುತ್ತೆ. ಅದನ್ನ ನೋಡ್ತಾ ಮಲಗಿರು, ಅವರು ಕಲ್ಲು ಇಡಲಿ. ಆಮೇಲೆ ನೀನು ಎದ್ದು ಬಂದು ಕರೆದರೆ ನಾನು ಬರ್ತೀನಿ.”

ಡೋಲು ನಿಂತಿತು. ಹೌ ಅಂಚಿನಿಂದ ಕಾಣೆಯಾದ. ಮಲಗಲು ಹೋದನೆಂದೇ ಎಲ್ಲರೂ ತಿಳಿದರು. ಯುಲಾನ್ ಗಾಬರಿಯಾಗಿ, ಈಗ ಎತ್ತಬಾರದೆಂದು ಕ್ರೇನಿನವನ ಮುಂದೆ ಹೋಗಿ ನಿಂತಳು. ಹೌ ತನ್ನ ಕೋಣೆಗೆ ಹೋಗಿದ್ದು ನಿಜ. ಎಷ್ಟು ಹೊತ್ತು ಅಲ್ಲಿದ್ದ, ಮಲಗಿದನೋ ನಿಂತಿದ್ದನೋ, ಅವನು ಯಾರಿಗೂ ಹೇಳಿಲ್ಲ. ಮುಹೂರ್ತ ಮೀರಿದ ಮೇಲೆ ಮೆಟ್ಟಿಲಿಳಿದು ಬಂದ. ಅವನ ಹಿಂದೆ ಯುಲಾನ್‌ಳ ತಾಯಿ ಇದ್ದಳು. ಅವಳ ಒಂದು ಕೈ ಅವನ ಭುಜದ ಮೇಲಿತ್ತು. ಅವನು ಯುಲಾನ್‌ಳ ಮುಖ ನೋಡದೆ ಲಾರಿಯವನ ಬಳಿ ಹೋಗಿ, ಕಂಬಗಳನ್ನು ಗೋದಾಮಿನ ಗೋಡೆಯ ಪಕ್ಕ ನೆಲದ ಮೇಲೆ ಮಲಗಿಸು ಎಂದ. ಹೆಂಡತಿಯ ಬೆನ್ನಿನಿಂದ ಮಗುವನ್ನು ಬಿಚ್ಚಿ ಎತ್ತಿಕೊಂಡ.

ಜನ ಸ್ಟೂಲು ಹಿಡಿದು ಮನೆಗೆ ಹತ್ತಿದರು. ತಾಯಿ ಮಾತ್ರ ಮಗಳ ಎದುರು ನಿಂತೇ ಇದ್ದಳು. ಮೂರು ವಾರದ ಮೇಲೆ ಆಡಿದ ಮೊದಲ ಮಾತು ಬೈಗುಳವೇ ಆಗಿತ್ತು. ಗೆದ್ದೆನೆಂದು ಬೀಗಬೇಡ, ಕಂಬ ಕೊಡುತ್ತೇವೆ ಎಂದು ದೇವರಿಗೆ ಹೇಳಿದ್ದು ನಾನು, ಈಗ ಮೇಲೆ ಗುಡಿಯಲ್ಲಿ ಆ ಮಗು ದಾರಿ ನೋಡುತ್ತಿದೆ, ಯಾರು ಹೋಗಿ ಏನು ಹೇಳುತ್ತೀರಿ ಎಂದಳು. ಯುಲಾನ್ ತಾಯಿಯ ತೋಳು ಹಿಡಿದುಕೊಂಡಳು. ಇಬ್ಬರೂ ಒಂದೊಂದೇ ಮೆಟ್ಟಿಲು, ಪ್ರತಿ ಮಹಡಿಯಲ್ಲೂ ನಿಂತು, ತಾರಸಿ ಹತ್ತಿದರು.

ಯುಲಾನ್ ಮೂರು ಊದುಬತ್ತಿ ಹಚ್ಚಿ ಮಂಡಿಯೂರಿದಳು. ಬೇಡಿಕೆಗೆ ಮೊದಲು ಎಲ್ಲರೂ ಹೇಳುವಂತೆ ಹೆಸರು, ಹುಟ್ಟಿದ ತಾರೀಖು, ಮನೆಯ ವಿಳಾಸ ಹೇಳಿದಳು. ಆಮೇಲೆ ದನಿ ತಗ್ಗಿಸದೆ, ಎದುರಿಗಿದ್ದ ಮಗುವಿನೊಂದಿಗೆ ಮಾತಾಡುವಂತೆ ಮಾತಾಡಿದಳು.

“ನಿನಗೆ ಕಂಬ ಬೇಕು ಅಂದಿದ್ದು ನನಗೆ ಗೊತ್ತಾಯಿತು. ಕೊಡಲ್ಲ. ಅಮ್ಮ ಕೊಡ್ತೀನಿ ಅಂದಿದ್ದಳು, ಹೌ ಚಿಕ್ಕಪ್ಪ ತಂದಿದ್ದ. ಬೇಡ ಅಂದಿದ್ದು ನಾನೊಬ್ಬಳೇ. ಕೋಪ ಬಂದರೆ ವಿಳಾಸ ಹೇಳಿದ್ದೀನಿ, ಅಲ್ಲಿಗೆ ಬಾ. ಈ ಮನೆಯವರ ತಂಟೆಗೆ ಬರಬೇಡ. ಈ ಕಾಂಕ್ರೀಟು ಮಾಡನ್ನೂ ತೆಗೆಸ್ತೀನಿ, ಅದನ್ನೂ ಈಗಲೇ ಹೇಳಿರ್ತೀನಿ.”

ಬತ್ತಿಗಳನ್ನು ಕುಂಡಕ್ಕೆ ಸಿಕ್ಕಿಸಿ ಎದ್ದಳು. ತಾಯಿ ಕೆಂಪು ಮರದ ತುಂಡುಗಳನ್ನು ಅವಳ ಮುಂದೆ ಹಿಡಿದಿದ್ದಳು.

“ಒಪ್ಪಿದನೋ ಇಲ್ಲವೋ, ಒಂದು ಸಲ ಕೇಳಿಬಿಡೆ.”

“ಇಲ್ಲಮ್ಮ. ಕೇಳೋಕೆ ಬರಲಿಲ್ಲ ನಾನು, ಹೇಳೋಕೆ ಬಂದೆ.”